ಒಂದೇ ಜ್ವರ, ಹಲವು ಮನೆ: ಪ್ಲೇಗಿನಿಂದ ಕೋವಿಡ್‌ವರೆಗೆ

2020ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಸರ್ಕಾರಗಳು ಕೆಲವೇ ದಿನಗಳ ಅಂತರದಲ್ಲಿ ಕೋವಿಡ್ ನಿಯಮಾವಳಿಗಳನ್ನು ಹೊರಡಿಸಿದವು. ಎರಡಕ್ಕೂ ಆಧಾರವಾಗಿದ್ದುದು ಒಂದೇ ಶಾಸನ: 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ನಾಲ್ಕೇ ಕಲಮುಗಳ ಆ ಪುಟ್ಟ ಕಾಯಿದೆ ಹುಟ್ಟಿದ್ದು 1897ರ ಫೆಬ್ರವರಿ 4ರಂದು, ಮುಂಬಯಿ ನಗರ ಪ್ಲೇಗಿನಿಂದ ತತ್ತರಿಸುತ್ತಿದ್ದ ದಿನಗಳಲ್ಲಿ. ರೋಗ ಬೇರೆ, ಕಾಲ ಬೇರೆ, ಆಳುವವರು ಬೇರೆ. ಆದರೂ 123 ವರ್ಷಗಳ ಬಳಿಕ ಅದೇ ಕಾಯಿದೆಯನ್ನು ಕಪಾಟಿನಿಂದ ಹೊರತೆಗೆಯಬೇಕಾಯಿತು.

ನಮ್ಮ ಬಳಗದಲ್ಲಿ ಕೋವಿಡ್ ಮಾತು ಬಂದಾಗಲೆಲ್ಲ ಒಬ್ಬೊಬ್ಬರದು ಒಂದೊಂದು ಕಥೆ. ಹೊಸ್ತಿಲು ದಾಟದೆ ತಿಂಗಳುಗಟ್ಟಲೆ ಒಳಗೇ ಇದ್ದ ಹಿರಿಯರಿಗೆ ರೋಗ ತಗುಲಿತು. ಅತ್ಯವಶ್ಯಕ ಸೇವೆಯೆಂದು ದಿನವೂ ಬಸ್ಸಿನಲ್ಲಿ ಓಡಾಡಿದವರು ಏನೂ ಆಗದೆ ಉಳಿದರು. ಒಂದೇ ಮನೆಯಲ್ಲಿ ಗಂಡನಿಗೆ ಎರಡು ದಿನದ ನೆಗಡಿ, ಹೆಂಡತಿಗೆ ಎರಡು ವಾರ ಆಸ್ಪತ್ರೆ. ಈ ಕಥೆಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ತೀರ್ಪು ಬರುತ್ತದೆ: ಇವರು ಎಚ್ಚರ ವಹಿಸಿದರು, ಅವರು ವಹಿಸಲಿಲ್ಲ. ಎಚ್ಚರವೆಂದರೆ ಮನುಷ್ಯನ ಸ್ವಭಾವ, ಶಿಸ್ತು, ವಿವೇಕ ಎಂಬ ನಂಬಿಕೆ ಈ ತೀರ್ಪಿನ ಹಿಂದಿದೆ. ಮುಂಬಯಿ ಮತ್ತು ಕನ್ನಡನಾಡು ಕಂಡ ಮೂರು ಮಹಾಮಾರಿಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ. ಎಚ್ಚರ ವಹಿಸಲು ಒಂದು ಕೋಣೆ ಬೇಕು, ನಾಲ್ಕು ದಿನ ದುಡಿಯದೆ ಉಣ್ಣುವಷ್ಟು ಗಂಟು ಬೇಕು, ಹೇಳುವವರ ಮೇಲೆ ವಿಶ್ವಾಸ ಬೇಕು. ಇವು ಇಲ್ಲದವರ ಎಚ್ಚರಗೇಡಿತನವನ್ನು ಅಳೆಯುವ ಮೊದಲು ಅವರು ಬದುಕಿದ ಮನೆಯನ್ನು ಅಳೆಯಬೇಕು ಎಂಬುದು ಈ ಲೇಖನದಲ್ಲಿ ನಾವು ಹೇಳಹೊರಟಿರುವ ಮಾತು.

ಮಾಂಡವಿಯ ಓಣಿಗಳು

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಬಂದರಿಗೆ ಅಂಟಿಕೊಂಡಿದ್ದ ಮಾಂಡವಿ ಪ್ರದೇಶದಲ್ಲಿ ಗೋವಾ ಮೂಲದ ವೈದ್ಯ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಧಾನ್ಯದ ಗೋದಾಮುಗಳು, ಅವುಗಳ ಮೇಲೆ ಕಿಕ್ಕಿರಿದ ಬಾಡಿಗೆ ಕೋಣೆಗಳು, ಕೆಳಗೆ ಹರಿಯದ ಗಟಾರಗಳು ಇದ್ದ ಪ್ರದೇಶವದು. ಹಾಂಗ್‌ಕಾಂಗಿನಲ್ಲಿ 1894ರಲ್ಲಿಯೇ ಅಲೆಕ್ಸಾಂಡ್ರೆ ಯೆರ್ಸಿನ್ ಪ್ಲೇಗಿನ ಸೂಕ್ಷ್ಮಾಣುವನ್ನು ಕಂಡುಹಿಡಿದಿದ್ದ. ಆದರೆ ಅದು ಮನುಷ್ಯನನ್ನು ತಲುಪುವ ದಾರಿ ಯಾವುದೆಂದು ಆಗಿನ್ನೂ ತಿಳಿದಿರಲಿಲ್ಲ. ರೋಗ ಕೊಳಕಿನಲ್ಲಿದೆ, ಕತ್ತಲೆಯಲ್ಲಿದೆ, ಬಡವರ ಮನೆಯ ನೆಲದಲ್ಲಿದೆ ಎಂಬುದು ಅಧಿಕಾರಿಗಳ ಎಣಿಕೆ. ಹೀಗಾಗಿ ಮುನ್ನೆಚ್ಚರಿಕೆಯ ಪೂರ್ಣ ಭಾರವೂ ಮನೆಗಳ ಮೇಲೆ ಬಿತ್ತು. ಗಟಾರಗಳಿಗೆ ಸಮುದ್ರದ ನೀರು ಮತ್ತು ಕಾರ್ಬಾಲಿಕ್ ಆಮ್ಲ ಸುರಿದರು, ಗೋಡೆಗಳಿಗೆ ಸುಣ್ಣ ಬಳಿದರು, ಬಿಸಿಲು ಬೀಳಲೆಂದು ಛಾವಣಿಯ ಹೆಂಚು ತೆಗೆಸಿದರು, ಹಾಸಿಗೆ ಬಟ್ಟೆಗಳನ್ನು ಸುಟ್ಟರು. ವಾಸಕ್ಕೆ ಯೋಗ್ಯವಲ್ಲವೆಂದು ಕಂಡ ಮನೆಗಳ ಮೇಲೆ 'ಯು.ಎಚ್.ಎಚ್.' ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದರು. ಆ ಅಕ್ಷರಗಳನ್ನು ಓದಲಾರದವರು ಕೂಡ ಅದರ ಅರ್ಥವನ್ನು ಬೇಗ ಕಲಿತರು.

ಮನೆ ಎಂದರೆ ಒಂದೇ ಕೋಣೆಯಾಗಿದ್ದ ಗಿರಣಿ ಕಾರ್ಮಿಕನಿಗೆ ಈ ಮುನ್ನೆಚ್ಚರಿಕೆ ರೋಗಕ್ಕಿಂತ ಮೊದಲು ಬಂದ ಆಪತ್ತು. ರೋಗಿಯನ್ನು ಆಸ್ಪತ್ರೆಗೆ, ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಸಾಗಿಸುತ್ತಿದ್ದರು. ಆಸ್ಪತ್ರೆಗೆ ಹೋದವರಲ್ಲಿ ಬಹುಮಂದಿ ಹಿಂದಿರುಗುತ್ತಿರಲಿಲ್ಲ. ಒಳಗೆ ಕೊಂದು ದೇಹದಿಂದ ಮದ್ದು ತೆಗೆಯುತ್ತಾರೆಂಬ ವದಂತಿ ಹಬ್ಬಿತು. 1896ರ ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ನುಗ್ಗಿತು. ಅದೇ ಆಸ್ಪತ್ರೆ ಇಂದು ಕಸ್ತೂರಬಾ ಆಸ್ಪತ್ರೆಯೆಂಬ ಹೆಸರಿನಲ್ಲಿದೆ. 2020ರ ಮಾರ್ಚ್‌ನಲ್ಲಿ ಮುಂಬಯಿಯ ಮೊದಮೊದಲ ಕೋವಿಡ್ ರೋಗಿಗಳನ್ನು ಸೇರಿಸಿಕೊಂಡದ್ದೂ ಅಲ್ಲಿಯೇ.

ಪುಣೆಯಲ್ಲಿ ಸಂಗತಿ ಇನ್ನಷ್ಟು ಬಿಗಡಾಯಿಸಿತು. ಡಬ್ಲ್ಯು. ಸಿ. ರ‍್ಯಾಂಡ್ ನೇತೃತ್ವದ ಪ್ಲೇಗ್ ಸಮಿತಿ ಬ್ರಿಟಿಷ್ ಸೈನಿಕರನ್ನು ಮನೆಮನೆ ತಪಾಸಣೆಗೆ ಇಳಿಸಿತು. ದೇವರ ಕೋಣೆ, ಅಡುಗೆಮನೆ, ಬಾಣಂತಿಯ ಕೋಣೆ ಎಂಬ ಭೇದವಿಲ್ಲದೆ ಬೂಟುಗಾಲುಗಳು ಒಳಹೊಕ್ಕವು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದ್ದು ಶಾಲೆಯ ಪಾಠಗಳಲ್ಲಿ ಬರುವ ಘಟನೆ. ಅದೇ ವರ್ಷ ಅದೇ ಊರಿನಲ್ಲಿ ನಡೆದ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಾವಿತ್ರಿಬಾಯಿ ಫುಲೆಯವರು ಮಗ ಯಶವಂತನ ಜೊತೆ ಊರ ಹೊರಗೆ ಚಿಕಿತ್ಸಾಲಯವೊಂದನ್ನು ನಡೆಸಿದರು. ಮುಂಢವಾದ ದಲಿತ ಕೇರಿಯಲ್ಲಿ ಪ್ಲೇಗ್ ತಗುಲಿದ್ದ ಬಾಲಕನೊಬ್ಬನನ್ನು ತಾವೇ ಹೊತ್ತು ತಂದರು. ಆ ಸೋಂಕಿನಿಂದಲೇ 1897ರ ಮಾರ್ಚ್ 10ರಂದು ತೀರಿಕೊಂಡರು. ಹೀಗೆ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ, ರೋಗಿಯನ್ನು ಸಾಗಿಸುವ ಎರಡು ಬಗೆಗಳನ್ನು ಜನ ಕಂಡರು.

ಮುಂಬಯಿಯಲ್ಲಿ ಸರ್ಕಾರ ಕ್ರಮೇಣ ಒಂದು ಪಾಠ ಕಲಿತಿತು. ಸಮುದಾಯಗಳು ತಮ್ಮ ತಮ್ಮ ಪ್ಲೇಗ್ ಆಸ್ಪತ್ರೆಗಳನ್ನು ನಡೆಸಲು ಅನುಮತಿ ಸಿಕ್ಕಮೇಲೆ ಬಚ್ಚಿಟ್ಟ ರೋಗಿಗಳು ಹೊರಬರತೊಡಗಿದರು. ಪುಣೆಯಲ್ಲಿ ತಿಲಕರೂ ಹಿಂದೂಗಳಿಗಾಗಿ ಇಂಥ ಆಸ್ಪತ್ರೆ ತೆರೆಯಲು ಮುಂದಾದರು. ಊಟ, ಆಚಾರ, ಬಳಗದವರ ಮುಖ ಇವಿಷ್ಟು ಕಣ್ಣಿಗೆ ಬಿದ್ದರೆ ಸಾಕು, ಅದೇ ಪ್ರತ್ಯೇಕವಾಸವನ್ನು ಜನ ಒಪ್ಪಿದರು. ಬಲವಂತವಾಗಿ ಒಳನುಗ್ಗಿದಲ್ಲಿ ಒಪ್ಪಲಿಲ್ಲ. 1898ರ ಮಾರ್ಚ್ 9ರಂದು ಮುಂಬಯಿಯಲ್ಲಿ ನೇಕಾರ ಕುಟುಂಬವೊಂದರ ಹುಡುಗಿಯನ್ನು ಪರೀಕ್ಷಿಸಲು ಹೋದ ತಂಡದ ವಿರುದ್ಧ ಎದ್ದ ಗಲಭೆ ನಗರವನ್ನೇ ವ್ಯಾಪಿಸಿತು. ಮನೆ ತಪಾಸಣೆಯ ಕಟ್ಟುನಿಟ್ಟು ಸಡಿಲವಾದದ್ದು ಆನಂತರ.

ಇಲಿ ಬಿದ್ದರೆ ಊರು ಬಿಡು

ಮುಂಬಯಿಯಿಂದ ಓಡಿಹೋದವರ ಜೊತೆ, ರೈಲಿನಲ್ಲಿ ಸಾಗಿದ ಧಾನ್ಯದ ಮೂಟೆಗಳ ಜೊತೆ ಪ್ಲೇಗು ತೆಂಕಣಕ್ಕೆ ಇಳಿಯಿತು. ಬೆಳಗಾವಿ, ಧಾರವಾಡ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತ್ಯದಲ್ಲಿಯೇ ಇದ್ದವು. 1898ರಲ್ಲಿ ಹುಬ್ಬಳ್ಳಿ ತೀವ್ರವಾಗಿ ನರಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರೈಲುದಾರಿಯಲ್ಲಿಯೇ ರೋಗ ಬೆಂಗಳೂರನ್ನು ಮುಟ್ಟಿತು. ಬೆಂಗಳೂರಿನ ಹಳೆಯ ಪೇಟೆಯ ಇಕ್ಕಟ್ಟು ಆಗ ಎಲ್ಲರ ಕಣ್ಣಿಗೆ ಬಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಅಗಲ ರಸ್ತೆ, ಹಿಂಬದಿಯ ಓಣಿ, ಮನೆಯಿಂದ ಮನೆಗೆ ಬಿಡುವು ಇರುವಂತೆ ಬೆಳೆದವು. ಇಂದು ನಾವು ಮೆಚ್ಚುವ ಆ ಮರಗಳ ನೆರಳಿನ ರಸ್ತೆಗಳ ಹಿಂದೆ ಆ ಮಹಾಮಾರಿಯ ನೆನಪಿದೆ. ಆದರೆ ಅಲ್ಲಿ ನಿವೇಶನ ಕೊಳ್ಳಬಲ್ಲವರು ಮಾತ್ರ ಆ ಗಾಳಿ ಬೆಳಕುಗಳಿಗೆ ಹಕ್ಕುದಾರರಾದರು. ಪೇಟೆಯಲ್ಲಿ ಉಳಿದವರು ಬೇರೆ ದಾರಿ ಹುಡುಕಬೇಕಾಯಿತು. ಬೆಂಗಳೂರಿನಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗಮ್ಮ ಆ ದಾರಿಗಳಲ್ಲಿ ಒಂದರ ಗುರುತು. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ಮೂರ್ತಿ ಸ್ಥಾಪಿಸಿದ ಸುದ್ದಿ ಓದಿ ನಕ್ಕವರು ಬಹಳ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಕಾಲದಲ್ಲಿ ಜನ ಗುಡಿಯ ಕಡೆ ತಿರುಗಿದ್ದು ಅದೇ ಮೊದಲಲ್ಲ ಎಂಬುದನ್ನು ಪ್ಲೇಗಮ್ಮ ಬಲ್ಲಳು.

ಹಳ್ಳಿಗರಿಗೆ ತಮ್ಮದೇ ಆದ ಒಂದು ಮುನ್ನೆಚ್ಚರಿಕೆ ತಿಳಿದಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಖಾಲಿ ಮಾಡುವುದು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳೆರಡು ತಿಂಗಳು ಕಳೆಯುವುದು. ಹಳೆಯ ಮೈಸೂರು ಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ 'ಪ್ಲೇಗಿಗೆ ಊರು ಬಿಟ್ಟ' ನೆನಪುಗಳನ್ನು ಹಿರಿಯರು ಹೇಳುತ್ತಿದ್ದುದನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಅತ್ತ ನಗರದ ಅಧಿಕಾರಿಗಳು ನೆಲ ತೊಳೆಸುತ್ತ, ಗೋಡೆಗೆ ಸುಣ್ಣ ಬಳಿಸುತ್ತ ಇದ್ದಾಗ, ಇತ್ತ ಹಳ್ಳಿಗರು ಇಲಿಯನ್ನು ನೋಡಿ ಹೊರಟುಬಿಡುತ್ತಿದ್ದರು. ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ 1898ರ ಜೂನ್‌ನಲ್ಲಿ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುತ್ತದೆಂದು ತೋರಿಸಿದ. ವೈದ್ಯಲೋಕ ಅದನ್ನು ಪೂರ್ತಿಯಾಗಿ ಒಪ್ಪಲು ಮತ್ತೆ ಕೆಲವು ವರ್ಷಗಳೇ ಹಿಡಿದವು. ಕಾರಣ ತಿಳಿಯದಿದ್ದರೂ ಹಳ್ಳಿಗರ ಲೆಕ್ಕ ಸರಿಯಿತ್ತು. ಓದು ಬಲ್ಲ ಅಧಿಕಾರಿಗಳ ಲೆಕ್ಕ ತಪ್ಪಿತ್ತು.

ಆದರೆ ಊರು ಬಿಡುವುದಕ್ಕೂ ಅನುಕೂಲ ಬೇಕು. ಹೊಲವಿದ್ದವನು ಹೊಲದಲ್ಲಿ ಗುಡಿಸಲು ಹಾಕಬಲ್ಲ. ಹೊಲವಿಲ್ಲದವನು ಯಾರ ಬದುವಿನ ಮೇಲೆ ಹಾಕಬೇಕು? ಮಳೆಗಾಲವಾದರೆ ಗತಿಯೇನು? ಬಿಟ್ಟುಬಂದ ಮನೆಗೆ ಕಳ್ಳರು ನುಗ್ಗಿದರೆ? ಬಲವಂತದ ಸ್ಥಳಾಂತರ ಮತ್ತು ತಪಾಸಣೆಯ ವಿರುದ್ಧ ಕನ್ನಡನಾಡಿನಲ್ಲೂ ಪ್ರತಿಭಟನೆ ಎದ್ದಿತು. 1898ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರಿಗೂ ಪೊಲೀಸರಿಗೂ ಘರ್ಷಣೆ ನಡೆಯಿತು.

ಸೂಜಿ ಮತ್ತು ವಿಶ್ವಾಸ

ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಪುಟ್ಟ ಕೋಣೆಯೊಂದರಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಆ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ, ಒಪ್ಪಿದ ಕೈದಿಗಳ ಮೇಲೆ ಪರೀಕ್ಷೆ ನಡೆಯಿತು. ಲಸಿಕೆ ಹಾಕಿಸಿಕೊಂಡವರಿಗೆ ಜ್ವರ ಬರುತ್ತಿತ್ತು, ತೋಳು ಬಾತುಕೊಂಡು ನೋಯುತ್ತಿತ್ತು. ಗುಮಾಸ್ತನಿಗೆ ಇದು ಎರಡು ದಿನದ ರಜೆ, ಕೂಲಿಯವನಿಗೆ ಎರಡು ದಿನದ ಉಪವಾಸ. 'ಜನ ಅಜ್ಞಾನದಿಂದ ಲಸಿಕೆಗೆ ಹೆದರಿದರು' ಎಂದು ಬರೆದವರು ಈ ಕೂಲಿಯ ಲೆಕ್ಕವನ್ನು ಬರೆಯುವುದು ಕಡಿಮೆ.

ವಿಶ್ವಾಸ ಎಲ್ಲಿಂದ ಬಂತು ಎಂಬುದಕ್ಕೆ ಎರಡು ನಿದರ್ಶನಗಳಿವೆ. ಹತ್ತೊಂಬತ್ತರ ಹರೆಯದ ಮೂರನೆಯ ಆಗಾ ಖಾನ್ ತನ್ನ ಅನುಯಾಯಿಗಳ ಎದುರಿನಲ್ಲಿಯೇ ಚುಚ್ಚಿಸಿಕೊಂಡರು. ಹಾಫ್‌ಕಿನ್‌ನ ಕೆಲಸಕ್ಕೆ ತಮ್ಮ ಕಟ್ಟಡವನ್ನೂ ಬಿಟ್ಟುಕೊಟ್ಟರು. ಖೋಜಾ ಸಮುದಾಯದ ಸಾವಿರಾರು ಜನ ಹಿಂಜರಿಯದೆ ಮುಂದೆ ಬಂದರು. ಎರಡನೆಯದು ನಮ್ಮ ಹುಬ್ಬಳ್ಳಿ. 1898ರಲ್ಲಿ ಅಲ್ಲಿ ಕೆಲವೇ ತಿಂಗಳುಗಳಲ್ಲಿ ಹತ್ತಾರು ಸಾವಿರ ಜನ ಲಸಿಕೆ ಹಾಕಿಸಿಕೊಂಡರು. ಆ ಕಾಲಕ್ಕೆ ಇಡೀ ದೇಶದಲ್ಲೇ ಅದು ಅತಿ ದೊಡ್ಡ ಪ್ರಯತ್ನಗಳಲ್ಲೊಂದು. ಲಸಿಕೆ ಪಡೆದವರಿಗೆ ಪ್ರಮಾಣಪತ್ರ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡುವ ಕ್ರಮ ಮುಂಬಯಿ ಪ್ರಾಂತ್ಯದಲ್ಲಿ ಇತ್ತು. ಕಣ್ಣೆದುರು ಸಾವು, ಕೈಯಲ್ಲಿ ಪತ್ರ, ನೆರೆಯವನ ನಿದರ್ಶನ ಮೂರೂ ಸೇರಿದಾಗ ಭಯ ಹಿಂಜರಿಯಿತು.

ಆ ವಿಶ್ವಾಸ ಎಷ್ಟು ನಾಜೂಕಾದದ್ದೆಂಬುದು 1902ರ ಅಕ್ಟೋಬರ್‌ನಲ್ಲಿ ತಿಳಿಯಿತು. ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ದೋಷ ಆತನ ಪ್ರಯೋಗಾಲಯದ್ದಲ್ಲವೆಂದು ಸರ್ಕಾರ ಒಪ್ಪಿಕೊಂಡದ್ದು 1907ರಲ್ಲಿ. ಅಷ್ಟರಲ್ಲಿ ಪ್ಲೇಗು ಉತ್ತರ ಭಾರತದಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದಿತ್ತು. ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ಆತ ಕಟ್ಟಿದ ಪ್ರಯೋಗಾಲಯಕ್ಕೆ 1925ರಲ್ಲಿ ಅವನ ಹೆಸರಿಟ್ಟರು. ಆ ಹಾಫ್‌ಕಿನ್ ಪರಂಪರೆಯ ಸಂಸ್ಥೆಗೆ 2021ರ ಏಪ್ರಿಲ್‌ನಲ್ಲಿ ಕೋವ್ಯಾಕ್ಸಿನ್ ತಯಾರಿಸುವ ಅನುಮತಿ ದೊರೆಯಿತು. ಆ ಹೊತ್ತಿಗೆ ಕೋವಿಡ್ ಲಸಿಕೆಯ ಅಭಿಯಾನ ಆರಂಭವಾಗಿ ಮೂರು ತಿಂಗಳಾಗಿತ್ತು. ಸ್ಮಾರ್ಟ್‌ಫೋನ್ ಇದ್ದವರು ಬೆರಳ ತುದಿಯಲ್ಲಿ ಸರದಿ ಕಾದಿರಿಸಿದರು. ಇಲ್ಲದವರು ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತರು. ಜ್ವರ ಬಂದರೆ ಕೂಲಿ ಹೋದೀತೆಂಬ ಹಳೆಯ ಲೆಕ್ಕ ಆ ಸಾಲಿನಲ್ಲೂ ಇತ್ತು.

1918ರ ಒಂದು ಕೋಷ್ಟಕ

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, 1918ರ ಜೂನ್‌ನಲ್ಲಿ, ಮುಂಬಯಿ ಬಂದರಿನ ಮೂಲಕ ಇನ್‌ಫ್ಲುಯೆಂಜಾ ದೇಶದೊಳಕ್ಕೆ ಬಂತು. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರ್‌ನಲ್ಲಿ ಬಂದ ಎರಡನೆಯ ಅಲೆ ಊರುಗಳನ್ನು ಬರಿದು ಮಾಡಿತು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿಯಲ್ಲಿ 768 ಸಾವುಗಳು ದಾಖಲಾದವು. ಇಡೀ ಭಾರತದಲ್ಲಿ ಸತ್ತವರ ಸಂಖ್ಯೆ 1.2 ಕೋಟಿಯಿಂದ 1.8 ಕೋಟಿಯವರೆಗೆ ಇದ್ದೀತೆಂದು ವಿದ್ವಾಂಸರು ಅಂದಾಜಿಸಿದ್ದಾರೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಧಾನ್ಯದ ಬೆಲೆ ಏರಿತ್ತು. ಹಸಿದ ಮೈಗೆ ಜ್ವರ ಸುಲಭವಾಗಿ ಹತ್ತಿತು.

ಗಾಳಿಯಲ್ಲಿ ಹರಡುವ ರೋಗಕ್ಕೆ ಜಾತಿಯಿಲ್ಲ, ವರ್ಗವಿಲ್ಲ ಎನ್ನುತ್ತೇವೆ. ಮುಂಬಯಿ ನಗರದ ಆ ವರ್ಷದ ಸಾವಿನ ಅಂಕಿಗಳು ಬೇರೆ ಮಾತನ್ನು ಹೇಳುತ್ತವೆ. ಪ್ರತಿ ಸಾವಿರ ಜನರಲ್ಲಿ ಇನ್‌ಫ್ಲುಯೆಂಜಾದಿಂದ ಸತ್ತ ಯೂರೋಪಿಯನ್ನರು 8.3, ಪಾರ್ಸಿಗಳು 9.0, ಭಾರತೀಯ ಕ್ರೈಸ್ತರು 18.4, ಸವರ್ಣ ಹಿಂದೂಗಳು 18.9, ಮುಸ್ಲಿಮರು 19.2. ಅಂದಿನ ದಾಖಲೆ 'ಕೆಳಜಾತಿಯ ಹಿಂದೂಗಳು' ಎಂದು ಕರೆದವರಲ್ಲಿ 61.6. ಒಂದೇ ನಗರ, ಒಂದೇ ಋತು, ಒಂದೇ ವೈರಾಣು. ಸಾವಿನ ಪ್ರಮಾಣದಲ್ಲಿ ಏಳು ಪಟ್ಟಿಗೂ ಹೆಚ್ಚಿನ ಅಂತರ. ಇವರು ಏಳು ಪಟ್ಟು ಅಜಾಗರೂಕರಾಗಿದ್ದರೆಂದು ಯಾರೂ ಹೇಳಲಾರರು. ಇವರ ಕೋಣೆಗಳಲ್ಲಿ ಜನ ಹೆಚ್ಚು ಇದ್ದರು, ಗಾಳಿ ಕಡಿಮೆ ಇತ್ತು, ಅನ್ನ ಕಡಿಮೆ ಇತ್ತು, ವೈದ್ಯರು ದೂರವಿದ್ದರು.

ಇನ್ನೊಂದು ಅಂತರವೂ ಆ ಕಾಲದ ದಾಖಲೆಗಳಲ್ಲಿ ಕಾಣುತ್ತದೆ. ಭಾರತದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಿನ ಪ್ರಮಾಣದಲ್ಲಿ ಸತ್ತರು. ಮನೆಯ ರೋಗಿಗಳ ಶುಶ್ರೂಷೆ ಅವರ ಪಾಲಿಗೆ ಬಿದ್ದಿತ್ತು. ಜ್ವರ ಬಂದಾಗಲೂ ಒಲೆಯ ಮುಂದಿನಿಂದ ಏಳುವಂತಿರಲಿಲ್ಲ. 'ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ' ಎಂಬುದು ಎಲ್ಲ ಕಾಲದ ವೈದ್ಯರೂ ಕೊಡುವ ಅತ್ಯಂತ ಅಗ್ಗದ ಸಲಹೆ. ಮನೆಯಲ್ಲಿ ಅದನ್ನು ಪಾಲಿಸಲು ಯಾರಿಗೆ ಸಾಧ್ಯವಾಯಿತೆಂಬುದನ್ನು ಈ ಅಂಕಿ ಹೇಳುತ್ತದೆ.

57 ಮತ್ತು 16

ಕೋವಿಡ್ ಕಾಲಕ್ಕೆ ಬಂದರೆ, ನಮ್ಮ ಮುಂದೆ ಅಂಥದೇ ಇನ್ನೊಂದು ಜೋಡಿ ಅಂಕಿಗಳಿವೆ. 2020ರ ಜುಲೈನಲ್ಲಿ ಮುಂಬಯಿ ಮಹಾನಗರಪಾಲಿಕೆ, ನೀತಿ ಆಯೋಗ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಒಟ್ಟಾಗಿ ಮಾಟುಂಗ, ಚೆಂಬೂರು ಮತ್ತು ದಹಿಸರ್ ಭಾಗದ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆಯ ಸಮೀಕ್ಷೆ ನಡೆಸಿದವು. ಸುಮಾರು 7,000 ಜನರನ್ನು ಪರೀಕ್ಷಿಸಿದ ಸಮೀಕ್ಷೆಯಲ್ಲಿ ಕೊಳೆಗೇರಿಗಳ ಶೇಕಡ 57 ಜನರಿಗೆ ಸೋಂಕು ಬಂದುಹೋದ ಗುರುತು ಸಿಕ್ಕಿತು. ಅದೇ ವಾರ್ಡುಗಳ ಕಟ್ಟಡಗಳಲ್ಲಿ ವಾಸಿಸುವವರಲ್ಲಿ ಶೇಕಡ 16 ಮಾತ್ರ. ನಡುವೆ ಕೆಲವೆಡೆ ಒಂದು ಗೋಡೆ, ಕೆಲವೆಡೆ ಒಂದು ರಸ್ತೆಯಷ್ಟೇ ಅಂತರ. ಆ ಗೋಡೆಯ ಒಂದು ಬದಿಯಲ್ಲಿ ಪ್ರತಿಮನೆಗೆ ಶೌಚಾಲಯ, ಇನ್ನೊಂದು ಬದಿಯಲ್ಲಿ ಓಣಿಗೆಲ್ಲ ಒಂದು ಸಾಲು. ಬೆಳಿಗ್ಗೆ ಆ ಸಾಲಿನಲ್ಲಿ ನಿಲ್ಲದೆ ಇರುವ ಮುನ್ನೆಚ್ಚರಿಕೆಯನ್ನು ಯಾವ ಸುತ್ತೋಲೆಯೂ ಬೋಧಿಸಲಾರದು.

ಅಚ್ಚರಿಯೆಂದರೆ, ಕಿಕ್ಕಿರಿದ ಧಾರಾವಿ ಅಂದು ಎಲ್ಲರೂ ಹೆದರಿದ್ದಂತೆ ಹೆಣಗಳ ರಾಶಿಯಾಗಲಿಲ್ಲ. 2020ರ ಏಪ್ರಿಲ್ 1ರಂದು ಅಲ್ಲಿ ಮೊದಲ ಪ್ರಕರಣ ಪತ್ತೆಯಾಯಿತು. ಪಾಲಿಕೆಯ ಸಿಬ್ಬಂದಿಯ ಜೊತೆ ಅಲ್ಲಿಯದೇ ಖಾಸಗಿ ವೈದ್ಯರು ಓಣಿ ಓಣಿ ಸುತ್ತಿದರು. ಶಾಲೆಗಳೂ ಕ್ರೀಡಾಸಂಕೀರ್ಣವೂ ಪ್ರತ್ಯೇಕವಾಸದ ತಾಣಗಳಾದವು. ಅಲ್ಲಿ ಊಟ ಸಿಗುತ್ತದೆ, ಔಷಧಿ ಸಿಗುತ್ತದೆ, ಹೋದವರು ಹಿಂದಿರುಗುತ್ತಾರೆ ಎಂದು ಕಂಡಮೇಲೆ ಜನ ತಾವಾಗಿಯೇ ಹೊರಟರು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯನ್ನು ಹೆಸರಿಸಿ ಮೆಚ್ಚಿದರು. 1896ರಲ್ಲಿ ಆಸ್ಪತ್ರೆಗೆ ನುಗ್ಗಿದ ಕಾರ್ಮಿಕರ ಮೊಮ್ಮಕ್ಕಳ ಕಾಲದವರು 2020ರಲ್ಲಿ ತಾವೇ ನಡೆದುಹೋದದ್ದರ ಹಿಂದೆ ಈ ವಿಶ್ವಾಸವಿತ್ತು.

ವಿಶ್ವಾಸ ಇಲ್ಲದೆಡೆ ಹಳೆಯ ದೃಶ್ಯಗಳೇ ಮರುಕಳಿಸಿದವು. ಬೆಂಗಳೂರಿನ ಪಾದರಾಯನಪುರದಲ್ಲಿ 2020ರ ಏಪ್ರಿಲ್‌ನಲ್ಲಿ ಕ್ವಾರಂಟೈನಿಗೆ ಕರೆದೊಯ್ಯಲು ಬಂದವರ ಮೇಲೆ ಗುಂಪು ತಿರುಗಿಬಿತ್ತು. ಮನೆಮನೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರು ಹಲವೆಡೆ ಬೈಗುಳ ಏಟುಗಳನ್ನು ತಿಂದರು. ಅದೇ ಏಪ್ರಿಲ್‌ನಲ್ಲಿ ಆರೋಗ್ಯ ಸಿಬ್ಬಂದಿಯ ರಕ್ಷಣೆಗಾಗಿ 1897ರ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂತು. ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿಗಾಗಿ ಮುಷ್ಕರ ಹೂಡಬೇಕಾಯಿತು. ಊರಿಗೆಲ್ಲ ಮುನ್ನೆಚ್ಚರಿಕೆ ಹೇಳಿದ ಹೆಣ್ಣುಮಕ್ಕಳು ತಮ್ಮ ಮುಖಕ್ಕೊಂದು ಒಳ್ಳೆಯ ಮಾಸ್ಕ್ ಕೇಳಲು ಬೀದಿಗಿಳಿದರು.

ಪ್ಲೇಗಿನ ಸುಣ್ಣದ ಹಾಗೆ ಕೋವಿಡ್ಡಿಗೂ ಮೊದಲ ವರ್ಷ ನೆಲ, ತರಕಾರಿ, ನೋಟು, ಹಾಲಿನ ಪೊಟ್ಟಣಗಳನ್ನು ತೊಳೆಯುವ ಆಚಾರವೇ ಮುಖ್ಯವಾಯಿತು. ಮುಖ್ಯವಾಗಿ ಗಾಳಿಯಲ್ಲಿ ಹರಡುವ ರೋಗವಿದು, ಕಿಟಕಿ ತೆರೆದಿಡುವುದು ಹೆಚ್ಚು ಉಪಯುಕ್ತ ಎಂಬ ಮಾತು ಬಲಗೊಂಡದ್ದು ತಡವಾಗಿ. 2020ರ ಮಾರ್ಚ್ ಕೊನೆಯಲ್ಲಿ ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ರಾಸಾಯನಿಕ ದ್ರಾವಣ ಸಿಂಪಡಿಸಿದ ಚಿತ್ರವನ್ನು ದೇಶವೇ ನೋಡಿತು. ತೊಳೆಯಬೇಕಾದ ವಸ್ತುಗಳ ಪಟ್ಟಿಯಲ್ಲಿ ಮನುಷ್ಯರೂ ಸೇರಿಹೋಗಿದ್ದರು. 'ಸಾಮಾಜಿಕ ಅಂತರ' ಎಂಬ ನುಡಿಯೂ ನಮ್ಮ ಕಿವಿಗೆ ಕೇವಲ ವೈದ್ಯಕೀಯವಾಗಿ ಕೇಳಿಸುವುದಿಲ್ಲ. ಮಡಿ ಮೈಲಿಗೆಗಳ ದೀರ್ಘ ಅಭ್ಯಾಸವಿರುವ ಸಮಾಜದಲ್ಲಿ ಅದು ಮನೆಗೆಲಸದವಳಿಗೆ ಮುಚ್ಚಿದ ಲಿಫ್ಟಿನ ಬಾಗಿಲಾಗಿ, ಬೇರೆಯಿಟ್ಟ ಲೋಟವಾಗಿ ಬೇಗನೆ ರೂಪ ತಳೆಯಿತು.

2021ರ ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆ ಮಾತ್ರ ಈ ಗೋಡೆಗಳನ್ನು ಸ್ವಲ್ಪ ಕಾಲ ಕೆಡವಿತು. ದೆಹಲಿಯಲ್ಲಿರುವ ನಮ್ಮ ಸ್ನೇಹಿತರೊಬ್ಬರು ತಂದೆಯನ್ನು ಕಾರಿನಲ್ಲಿ ಮಲಗಿಸಿಕೊಂಡು ಒಂದು ಖಾಸಗಿ ಆಸ್ಪತ್ರೆಯ ಗೇಟಿನ ಮುಂದೆ ರಾತ್ರಿಯಿಡೀ ಕಾದರು. ಹಣವಿತ್ತು, ಪರಿಚಯವಿತ್ತು, ಹಾಸಿಗೆ ಇರಲಿಲ್ಲ. ಅದೇ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ತೀರಿಕೊಂಡರು. ಬಡವರು ಸದಾ ಬಲ್ಲ ಅಸಹಾಯಕತೆಯನ್ನು ಮಧ್ಯಮವರ್ಗ ಆ ಆರು ವಾರಗಳಲ್ಲಿ ಕಲಿಯಿತು.

ಊರಿನ ಗಡಿ

ಹೊರನಾಡ ಕನ್ನಡಿಗರಾದ ನಮಗೆ ಈ ಚರಿತ್ರೆಯಲ್ಲಿ ವಿಶೇಷವಾಗಿ ತಟ್ಟುವ ಭಾಗವೊಂದಿದೆ. ಕೋವಿಡ್ಡಿನಿಂದ ದೇಶದಲ್ಲಿ ಮೊದಲು ಸತ್ತವರು ಕಲಬುರಗಿಯ 76 ವರ್ಷದ ಹಿರಿಯರು, 2020ರ ಮಾರ್ಚ್ 10ರಂದು. ಮಾರ್ಚ್ ಕೊನೆಯ ಹೊತ್ತಿಗೆ ರಾಜ್ಯದ ಗಡಿಗಳು ಮುಚ್ಚತೊಡಗಿದವು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಮಣ್ಣು ಸುರಿದು ಮುಚ್ಚಿದ ರಸ್ತೆಗಳ ಆಚೆ ಉಳಿದರು. ದಾರಿ ಸಿಗದೆ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಕನ್ನಡ ಮಾತಾಡುವ ಗಡಿನಾಡಿನ ರೋಗಿಗೆ ಕನ್ನಡದ ಆಸ್ಪತ್ರೆ ಹತ್ತೇ ಕಿಲೋಮೀಟರ್ ದೂರದಲ್ಲಿದ್ದೂ ಎಟುಕಲಿಲ್ಲ.

ಮುಂಬಯಿಯಲ್ಲಿ ಹೋಟೆಲುಗಳು ಮುಚ್ಚಿದವು. ಹೋಟೆಲಿನಲ್ಲೇ ಉಂಡು ಅಲ್ಲಿಯೇ ಮಲಗುತ್ತಿದ್ದ ನಮ್ಮ ಕರಾವಳಿಯ ಹುಡುಗರಿಗೆ ಕೆಲಸ, ಅನ್ನ, ಹಾಸಿಗೆ ಮೂರೂ ಒಟ್ಟಿಗೆ ಹೋದವು. 'ಮನೆಯಲ್ಲೇ ಇರಿ' ಎಂಬ ಆದೇಶ ಅವರ ಪಾಲಿಗೆ 'ನಿನಗೆ ಮನೆಯೆಲ್ಲಿ?' ಎಂಬ ಪ್ರಶ್ನೆಯಾಗಿತ್ತು. ಮೇ ತಿಂಗಳಲ್ಲಿ ಸೇವಾ ಸಿಂಧು ಜಾಲತಾಣದಲ್ಲಿ ಪಾಸಿಗಾಗಿ ಕಾದು ಊರಿನ ದಾರಿ ಹಿಡಿದರು. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಸರ್ಕಾರ ಪ್ರಕಟಿಸಿತು. ಅದಕ್ಕೆ ಮೊದಲು ತಲುಪಿದವರು ಉಡುಪಿ, ಮಂಡ್ಯ ಮುಂತಾದ ಜಿಲ್ಲೆಗಳ ಶಾಲೆ, ಹಾಸ್ಟೆಲುಗಳ ಕ್ವಾರಂಟೈನಿನಲ್ಲಿ ದಿನ ಎಣಿಸಿದರು. ಜೂನ್ ಆರಂಭದಲ್ಲಿ ಉಡುಪಿಯ ಪ್ರಕರಣಗಳು ಏಕಾಏಕಿ ಏರಿದಾಗ 'ಮುಂಬಯಿಯಿಂದ ಬಂದವರು' ಎಂಬ ಎರಡು ಪದಗಳು ದಿನದ ಸುದ್ದಿಯಲ್ಲಿ ಒಂದು ಕಾಯಿಲೆಯ ಹೆಸರಿನಂತೆ ಕೇಳಿಸಿದವು. ವರ್ಷಗಟ್ಟಲೆ ಊರಿಗೆ ಮನಿಯಾರ್ಡರ್ ಕಳಿಸಿ, ದೈವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ದೇಣಿಗೆ ಕೊಟ್ಟವರ ಮಕ್ಕಳು ಆ ಹೆಸರನ್ನು ಹೊತ್ತರು.

ಇದೂ ಹೊಸದೇನಲ್ಲ. 1898ರ ಸುಮಾರಿಗೆ ಮದರಾಸು ಪ್ರಾಂತ್ಯದಲ್ಲಿ ಪ್ಲೇಗ್ ಪಾಸ್‌ಪೋರ್ಟ್ ಎಂಬ ಪದ್ಧತಿ ಇತ್ತು. ರೋಗವಿದ್ದ ಊರಿನಿಂದ ಬಂದವನು ದಿನಂಪ್ರತಿ ಅಧಿಕಾರಿಯ ಮುಂದೆ ಹಾಜರಾಗಿ ತನ್ನ ಮೈ ತೋರಿಸಬೇಕಿತ್ತು. ಮುಂಬಯಿಯಿಂದ ಬಂದ ನೆಂಟನನ್ನು ಜಗಲಿಯಲ್ಲೇ ನಿಲ್ಲಿಸಿದ ಮನೆಗಳು ಅಂದೂ ಇದ್ದಿರಬೇಕು. ಊರಿನವರ ಭಯ ನಿರಾಧಾರವೆಂದು ನಾವು ಹೇಳುತ್ತಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರು, ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. ಆದರೆ ಅದೇ ಊರುಗಳಲ್ಲಿ ಶಾಲೆಯ ಕಾಂಪೌಂಡಿನ ಮೇಲಿಂದ ಗಂಜಿ, ಉಪ್ಪಿನಕಾಯಿ ದಾಟಿಸಿದ ನೆರೆಯವರೂ ಇದ್ದರು. ಭಯಕ್ಕೂ ಕರುಣೆಗೂ ಒಂದೇ ಕಾಂಪೌಂಡು ಸಾಕಾಗಿತ್ತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಪ್ಲೇಗು, ಇನ್‌ಫ್ಲುಯೆಂಜಾಗಳ ನಗರಗಣತಿ ನಮ್ಮ ಕೈಯಲ್ಲಿದೆ. 1891ರಲ್ಲಿ 8,21,764 ಇದ್ದ ಮುಂಬಯಿಯ ಜನಸಂಖ್ಯೆ 1901ಕ್ಕೆ 7,76,006ಕ್ಕೆ ಇಳಿದದ್ದನ್ನು ಯಾರೂ ಓದಬಹುದು. ಯಾವ ಕೋಣೆಯಲ್ಲಿ ಎಷ್ಟು ಜನ ಮಲಗಿದ್ದರು, ಯಾರು ಒಲೆಯ ಮುಂದಿದ್ದರು, ಯಾರು ಯಾರನ್ನು ನಂಬಿದರು ಎಂಬುದು ಗಣತಿಯಲ್ಲಿ ಬರುವುದಿಲ್ಲ. ಆ ಹಿಂದಿನ ಎರಡು ಮಹಾಮಾರಿಗಳ ಬಗ್ಗೆ ಹೊರನಾಡಿನ ಸಾಮಾನ್ಯ ಕನ್ನಡಿಗರು ಬರೆದಿಟ್ಟದ್ದು ನಮಗೆ ಸಿಗುವುದು ಅತ್ಯಲ್ಪ. ಕೋವಿಡ್ಡಿನ ವಿಷಯದಲ್ಲಿ ಹಾಗಾಗಬೇಕಿಲ್ಲ. ನಮ್ಮ ಸಂಘಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ, ಚಾಳಿನ ಮೊಗಸಾಲೆಗಳಲ್ಲಿ ಆ ದಿನಗಳನ್ನು ಕಂಡವರು ಇನ್ನೂ ಇದ್ದಾರೆ. ಅವರ ಮಾತನ್ನು ಕೇಳಿ ಬರೆದಿಡುವಾಗ 'ನೀವು ಎಷ್ಟು ಎಚ್ಚರ ವಹಿಸಿದಿರಿ?' ಎಂದು ಆರಂಭಿಸುವುದು ಬೇಡ. 'ಆಗ ನೀವು ಎಲ್ಲಿದ್ದಿರಿ, ಎಷ್ಟು ಜನ ಇದ್ದಿರಿ?' ಎಂದು ಕೇಳೋಣ. ಉಳಿದ ಕಥೆಯನ್ನು ಅವರೇ ಹೇಳುತ್ತಾರೆ.